ಎಮೋಜಿ ತಿಪ್ಪೇಶ ಹಾಕಿದ ಗಂಟು

ಹೂಂ ಅನ್ನೋರು ಹತ್ರ ಬನ್ನಿ. ಆಕಳಿಸೋರು ಹಿಂದೆ ಹೋಗಿ. ನಾನು ನಗು ಅನ್ನೋಕೆ ಮುಂಚೆ ನಗಬೇಡಿ, ಆಮೇಲೆ ನನಗೇ ನಗು ಬಂದು ಕತೆ ಕೆಡುತ್ತೆ.

ಚಳ್ಳಕೆರೇಲಿ ಮಾಳಮ್ಮ ಅಂತ ಒಬ್ಬಳು. ಗಂಡ ತೀರಿಕೊಂಡು ಹತ್ತು ವರ್ಷ. ಅವನು ಬಿಟ್ಟು ಹೋದದ್ದು ಎರಡು. ಒಂದು ಪ್ರಿಂಟಿಂಗ್ ಪ್ರೆಸ್ಸು, ಇನ್ನೊಂದು ಮಗ ತಿಪ್ಪೇಶ. ಪ್ರೆಸ್ಸು ಆಗಾಗ ಕೆಡ್ತಿತ್ತು, ರಿಪೇರಿಗೆ ಜನ ಸಿಗ್ತಿದ್ರು. ಮಗನನ್ನ ರಿಪೇರಿ ಮಾಡೋರು ಮಾತ್ರ ಮೂರು ತಾಲ್ಲೂಕು ಸುತ್ತಿದ್ರೂ ಸಿಗಲಿಲ್ಲ.

ಪೆದ್ದ ಅಂದ್ರೆ ಎಂಥ ಪೆದ್ದ ಅಂತೀರಿ? ಹೇಳಿದ್ದನ್ನ ಹೇಳಿದಂಗೇ ಮಾಡೋ ಪೆದ್ದ. "ಲೋ ತಿಪ್ಪಾ, ಹಾಲು ಉಕ್ಕುತ್ತೆ, ನೋಡ್ತಿರು" ಅಂತ ಹೇಳಿ ಮಾಳಮ್ಮ ನೀರಿಗೆ ಹೋದ್ಲು. ಬಂದು ನೋಡಿದ್ರೆ ಒಲೆ ತುಂಬಾ ಹಾಲು.

"ಏನೋ ಮಾಡ್ತಿದ್ದೆ?"

"ನೋಡ್ತಿದ್ದೆ. ಚೆನ್ನಾಗಿ ಉಕ್ತಮ್ಮ!"

"ಉಕ್ಕಿದ್ರೆ ಇಳಿಸಬೇಕು ಕಣೋ!"

"ಹಂಗಂತ ಮೊದ್ಲೇ ಹೇಳ್ಬಾರ್ದಾ?"

ಹೆಣ್ಣು ನೋಡೋಕೆ ಹೋದ್ರು. ಹೆಣ್ಣಿನ ಅಪ್ಪ ಪಾಪ, ಒಳ್ಳೆ ಮನುಷ್ಯ. "ಸಂಕೋಚ ಬೇಡಪ್ಪ, ಇದು ನಿಮ್ಮನೇ ಅಂತ ತಿಳ್ಕೊಂಡು ಆರಾಮಾಗಿರಿ" ಅಂದ. ತಿಪ್ಪೇಶ ಹಂಗೇ ತಿಳ್ಕೊಂಡ. ಉಪ್ಪಿಟ್ಟು ತಿಂದ, ಕಾಫಿ ಕುಡಿದ, ಚಾಪೆ ಹಾಸಿಕೊಂಡ. "ನಂಗೆ ನಿದ್ದೆ ಬರ್ತೈತೆ. ನೀವೆಲ್ಲ ಇನ್ನು ನಿಮ್ಮನೆಗೆ ಹೊರಡಿ, ಬಾಗಿಲು ಹಾಕ್ಕೋಬೇಕು" ಅಂತ ಆ ಮನೆ ಯಜಮಾನನಿಗೇ ಹೇಳಿದ. ಆ ಸಂಬಂಧ ಅಲ್ಲಿಗೆ ಮುಗೀತು. ಅಲ್ಲಿಂದ ಮುಂದೆ ಯಾರೂ ಹೆಣ್ಣು ತೋರಿಸಲಿಲ್ಲ.

ಮಾಳಮ್ಮನಿಗೆ ಇದ್ದದ್ದು ಒಂದೇ ಚಿಂತೆ. "ನಾನು ಕಣ್ಣು ಮುಚ್ಚಿದ ಮೇಲೆ ಇವನನ್ನ ನೋಡ್ಕೊಳ್ಳೋರು ಯಾರು?" ಮುದ್ದೆ ಮುರಿವಾಗಲೂ ಅದೇ, ಕಸ ಗುಡಿಸುವಾಗಲೂ ಅದೇ.

ಕೊನೆಗೆ ಎಣ್ಣೆ ಮಿಲ್ಲಿನ ಪಾಲಯ್ಯನಿಗೆ ಕರುಣೆ ಬಂತು. ಅವನು ಮಾಳಮ್ಮನ ಗಂಡನ ಗೆಳೆಯ. "ನೋಡು ಮಾಳಕ್ಕ, ತೀರಿಕೊಂಡ ಗೆಳೆಯನ ಮುಖ ನೋಡಿ ಹೇಳ್ತೀನಿ. ನನ್ನ ಮಗಳು ಹೇಮಾವತಿ ಇದಾಳೆ. ಆಷಾಢ ಬರೋದ್ರೊಳಗೆ ನಿನ್ನ ಪ್ರೆಸ್ಸಿಂದ ಒಂದು ಕೆಲಸ, ಒಂದೇ ಒಂದು ಕೆಲಸ ತಪ್ಪಿಲ್ಲದಂಗೆ ಬರಲಿ. ತಿಪ್ಪೇಶನಿಗೆ ಹೆಣ್ಣು ಕೊಡ್ತೀನಿ" ಅಂದ.

ಒಂದು ಕೆಲಸ! ಮಾಳಮ್ಮ ಮಾರಮ್ಮನ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದ್ಲು.

ಒಂದು ಮಾತು ಹೇಳೋದು ಮರೆತೆ. ಈ ಪೆದ್ದನಿಗೆ ಕಂಪ್ಯೂಟರ್ ಬರ್ತಿತ್ತು. ನಗಬೇಡಿ ಅಂದೆನಲ್ಲ! ಬಿಸಿಎ ಪಾಸಾಗಿದ್ದ. ಯಾಕೆ ಗೊತ್ತಾ? ಕಂಪ್ಯೂಟರೂ ಅವನ ಹಂಗೇ. ಹೇಳಿದ್ದನ್ನ ಹೇಳಿದಂಗೇ ಮಾಡುತ್ತೆ, ಒಂದಕ್ಷರ ಹೆಚ್ಚಿಲ್ಲ ಕಮ್ಮಿ ಇಲ್ಲ. ಒಬ್ಬರಿಗೊಬ್ಬರು ಜೀವ. ಆದ್ರೆ ಹಂಗಿರೋ ಇಬ್ಬರು ಒಂದೇ ಕೋಣೇಲಿ ಸೇರಿದ್ರೆ ಮೂರನೆಯವರ ಗತಿ ಏನು?

ಪ್ರೆಸ್ಸಿಗೆ ಆಗ ಒಂದು ಕಾಟ ಶುರುವಾಗಿತ್ತು. ಮೊದಲೆಲ್ಲ ಜನ ಚೀಟೀಲಿ ಬರ್ಕೊಂಡು ಬಂದು ಕಾರ್ಡು ಮಾಡಿಸ್ತಿದ್ರು. ಈಗೆಲ್ಲ ಫೋನಲ್ಲಿ ಕಳಿಸ್ತಾರೆ. ಮಾತಿಗೊಂದು ಎಮೋಜಿ. ನಗೋ ಮುಖ, ಅಳೋ ಮುಖ, ಹೂವು, ದೀಪ, ಕೈ ಮುಗಿಯೋ ಚಿತ್ರ. ಪ್ರೆಸ್ಸಿನ ಕನ್ನಡ ಫಾಂಟಲ್ಲಿ ಆ ಚಿತ್ರ ಇಲ್ಲ. ಹಂಗಾಗಿ ಚಿತ್ರ ಇದ್ದ ಕಡೆಯೆಲ್ಲ ಖಾಲಿ ಡಬ್ಬಿ ಅಚ್ಚಾಗ್ತಿತ್ತು. ಕಾರ್ಡಿನ ತುಂಬಾ ಡಬ್ಬಿ, ಡಬ್ಬಿ, ಡಬ್ಬಿ!

"ಈ ಡಬ್ಬಿ ಕಾಟ ತಪ್ಪಿಸೋ ತಿಪ್ಪಾ!"

"ಅದಕ್ಕೊಂದು ಲೈಬ್ರರಿ ಐತಮ್ಮ."

"ಅದ್ಯಾಕೋ ಲೈಬ್ರರಿ? ಪುಸ್ತಕ ಓದಿ ಡಬ್ಬಿ ಅಳಿಸ್ತೀಯಾ?"

"ಪುಸ್ತಕ ಅಲ್ಲಮ್ಮ. ಬೇರೆ ಯಾರೋ ಮಾಡಿಟ್ಟಿರೋ ಪ್ರೋಗ್ರಾಂ ಕಟ್ಟು. ನಿನ್ನ ಚಕ್ಲಿ ಒರಳು ಇದ್ದಂಗೆ. ಬರಹ ಹಿಟ್ಟು. ಒರಳಿಗೆ ಯಾವ ಬಿಲ್ಲೆ ಹಾಕ್ತೀವೋ ಹಂಗೆ ಬರುತ್ತೆ. ಒಂದು ಬಿಲ್ಲೆ ಹಾಕಿದ್ರೆ ಎಮೋಜಿ ಎಲ್ಲ ಕಿತ್ತುಹಾಕುತ್ತೆ. ಇನ್ನೊಂದು ಹಾಕಿದ್ರೆ ಎಮೋಜಿ ಹೆಸರು ಹೇಳುತ್ತೆ. ಇನ್ನೊಂದು ಎಣಿಸುತ್ತೆ. ಯಾವುದು ಹಾಕಲಿ?"

ಮಾಳಮ್ಮನಿಗೆ ಆಶ್ಚರ್ಯ ಆಯ್ತು. ಕಂಪ್ಯೂಟರ್ ಪೆಟ್ಟಿಗೆ ಒಳಗೆ ಬಗ್ಗಿ ನೋಡಿದ್ಲು. ಒರಳೂ ಕಾಣಲಿಲ್ಲ, ಬಿಲ್ಲೆಯೂ ಕಾಣಲಿಲ್ಲ. "ಕಿತ್ತು ಹಾಕೋ ಬಿಲ್ಲೆ ಹಾಕು. ಒಂದೂ ಉಳಿಸಬೇಡ!" ಅಂದ್ಲು.

ಒಂದೂ ಉಳಿಸಲಿಲ್ಲ ಅವನು.

ಮೊದಲನೇ ಕೆಲಸ ಪಾಲಯ್ಯನದ್ದೇ. ಮೊಮ್ಮಗನ ನಾಮಕರಣ. ಪಾಲಯ್ಯ ಫೋನಲ್ಲಿ ಖುಷಿಯಾಗಿ ಬರೆದಿದ್ದ: ನಮ್ಮ ಮನೆಗೆ, ಆಮೇಲೆ ಒಂದು ಮಗುವಿನ ಎಮೋಜಿ, ಬಂದಿದೆ. ತಿಪ್ಪೇಶ ಎಮೋಜಿ ಕಿತ್ತ. ಕಾರ್ಡು ಅಚ್ಚಾಯ್ತು. ಊರಿಗೆಲ್ಲ ಹಂಚಿದ್ರು.

"ನಮ್ಮ ಮನೆಗೆ ಬಂದಿದೆ. ಬಹಳ ಮುದ್ದಾಗಿದೆ. ಶುಕ್ರವಾರ ಹತ್ತೂವರೆಗೆ ತಪ್ಪದೆ ಬಂದು ನೋಡಿ ಹರಸಿ."

ಏನು ಬಂದಿದೆ? ಯಾರಿಗೆ ಗೊತ್ತು! ಊರಲ್ಲೆಲ್ಲ ಅದೇ ಮಾತು. ಹಸು ಬಂದಿರಬೇಕು ಅಂತ ಒಬ್ಬ ಹುಲ್ಲಿನ ಕಟ್ಟು ಹೊತ್ಕೊಂಡು ಬಂದ. ಕಾರು ಬಂದಿರಬೇಕು ಅಂತ ಇನ್ನೊಬ್ಬ ನಾಲ್ಕು ನಿಂಬೆಹಣ್ಣು ತಂದ, ನಾಲ್ಕು ಚಕ್ರದ ಕೆಳಗೆ ಇಡೋಕೆ. ಕರೆದೋರೂ ಬಂದ್ರು, ಕರೆಯದೋರೂ ಬಂದ್ರು. ಪಾಯಸ ಹತ್ತೂಮುಕ್ಕಾಲಿಗೇ ಖಾಲಿ.

ಪಾಲಯ್ಯನಿಗೆ ಕೆಂಡದಂಥ ಸಿಟ್ಟು. ಮಾಳಮ್ಮ ತಲೆ ಚಚ್ಚಿಕೊಂಡ್ಲು. "ನಿನ್ನ ಬುದ್ಧಿಗಿಷ್ಟು ಮಣ್ಣು ಹಾಕ! ಆ ಚಿತ್ರದಲ್ಲೇ ಮಾತಿತ್ತು ಕಣೋ! ಕಿತ್ತು ಹಾಕಬೇಡ. ಚಿತ್ರ ಕಂಡ ಕಡೆ ಅದರ ಹೆಸರು ಬರಿ!"

"ಹಂಗಂತ ಮೊದ್ಲೇ ಹೇಳ್ಬಾರ್ದಾ?" ಅಂದ ತಿಪ್ಪೇಶ. ಬಿಲ್ಲೆ ಬದಲಾಯಿಸಿದ.

ಪಾಲಯ್ಯ ಮಗಳನ್ನ ಕಳಿಸಿದ. "ಹೋಗಮ್ಮ, ಆ ಪೆದ್ದನಿಗೆ ಚೆನ್ನಾಗಿ ಬೈದು ಬಾ." ಹೇಮಾವತಿ ಬಂದ್ಲು. ಸೆರಗು ಸಿಕ್ಕಿಸಿಕೊಂಡೇ ಬಂದ್ಲು. ಒಳಗೆ ನೋಡಿದ್ರೆ ತಿಪ್ಪೇಶ ಹೆಸರು ಬರೀತಿದ್ದ. ಲೈಬ್ರರೀಲಿ ಹೆಸರೆಲ್ಲ ಇಂಗ್ಲಿಷಲ್ಲಿ ಇದ್ವು. ಇವನು ಒಂದೊಂದೇ ಮುಖ ನೋಡಿ ಕನ್ನಡದಲ್ಲಿ ಹೆಸರು ಇಡ್ತಿದ್ದ.

"ಇದೇನ್ರೀ ಇದು?" ಅಂದ್ಲು.

"ತಲೆಕೆಳಗಾದ ಮುಖ."

"ಅದ್ಯಾಕೆ ತಲೆಕೆಳಗಾಗಿ ನಗ್ತೈತೆ?"

ತಿಪ್ಪೇಶ ತಾನೂ ತಲೆ ಬಗ್ಗಿಸಿ ತಲೆಕೆಳಗಾಗಿ ನೋಡಿದ. "ನಂಗೂ ಗೊತ್ತಿಲ್ಲ. ಮೂರು ದಿನದಿಂದ ಅದನ್ನೇ ನೋಡ್ತಿದ್ದೀನಿ" ಅಂದ.

ಹೇಮಾವತಿ ಬೈಯೋಕೆ ಬಂದೋಳು ಸ್ಟೂಲ್ ಎಳ್ಕೊಂಡು ಕೂತ್ಲು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೋ ಗಂಡಸನ್ನ ಅವಳು ಕಂಡದ್ದು ಅದೇ ಮೊದಲು. ಅದೇನು, ಇದೇನು, ಇದರ ಮೂಗೆಲ್ಲಿ, ಅದಕ್ಕೆ ಕಿವಿ ಯಾಕಿಲ್ಲ ಅಂತ ಕೇಳ್ತಾನೇ ಇದ್ಲು. ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ ಹೇಳ್ತಿದ್ದ ಅವನು. ಸಂಜೆ ಮನೆಗೆ ಹೋದ್ಮೇಲೆ ನೆನಪಾಯ್ತು, ಅಯ್ಯೋ, ಬೈಯೋದೇ ಮರೆತೆ ಅಂತ.

ಎರಡನೇ ಕೆಲಸ ತಿಥಿ ಕಾರ್ಡು. ಒಬ್ಬ ಅಜ್ಜ ತೀರಿಕೊಂಡಿದ್ದ, ಮನೇಲಿ ಮೂವರು ಸೊಸೇರು. ದೊಡ್ಡ ಮಗ ದುಃಖದಲ್ಲಿ ಮೂರು ಅಳೋ ಮುಖ ಹಾಕಿದ್ದ. ಅದರ ಕೆಳಗೆ ಮೂವರು ಸೊಸೇರ ಹೆಸರು ಬರೆದಿದ್ದ. ತಿಪ್ಪೇಶ ಮುಖ ಕಂಡ ಕಡೆ ಹೆಸರು ಬರೆದ.

"ನಮ್ಮ ತಂದೆಯವರು ಶಿವನ ಪಾದ ಸೇರಿದರು. ಜೋರಾಗಿ ಅಳುವ ಮುಖ, ಜೋರಾಗಿ ಅಳುವ ಮುಖ, ಜೋರಾಗಿ ಅಳುವ ಮುಖ: ಚೌಡಮ್ಮ, ಗೌರಮ್ಮ, ಸಾಕಮ್ಮ."

ಮೂವರೂ ಪ್ರೆಸ್ಸಿಗೆ ಬಂದ್ರು ನೋಡಿ! "ನಾನೆಲ್ಲಿ ಜೋರಾಗಿ ಅತ್ತೆ? ಜೋರಾಗಿ ಅತ್ತೋಳು ಇವಳು!" ಅಂದ್ಲು ದೊಡ್ಡೋಳು. "ಅಯ್ಯೋ, ನಾನು ಅತ್ತದ್ದು ನಂಗೇ ಕೇಳಿಸಲಿಲ್ಲ, ನಿಂದು ಬಸ್‌ಸ್ಟ್ಯಾಂಡಿಗೆ ಕೇಳ್ತಿತ್ತು!" ಅಂದ್ಲು ನಡುವಿನೋಳು. ಚಿಕ್ಕೋಳು ಅಲ್ಲೇ ಜೋರಾಗಿ ಅಳೋಕೆ ಶುರು ಮಾಡಿದ್ಲು. ತಿಥಿ ದಿನ ನೆಂಟರು ಊಟ ಬಿಟ್ಟು ಆ ಮೂರು ಮುಖಾನೇ ನೋಡ್ತಾ ಕೂತಿದ್ರಂತೆ, ಯಾವುದು ಮೊದಲು ಶುರುವಾಗುತ್ತೆ ಅಂತ.

"ಥೂ ನಿನ್ನ! ಒಂದೇ ಮುಖದ ಹೆಸರು ಮೂರು ಸಲ ಬರೀತಾರೇನೋ? ಒಂದು ಸಲ ಬಂದದ್ದು ಇನ್ನೊಂದು ಸಲ ಬರಕೂಡದು, ತಿಳೀತಾ?" ಅಂದ್ಲು ಮಾಳಮ್ಮ.

"ಹಂಗಂತ ಮೊದ್ಲೇ ಹೇಳ್ಬಾರ್ದಾ?"

ಮತ್ತೆ ಬಿಲ್ಲೆ ಬದಲಾಯಿಸಿದ. ಒಂದು ಸಲ ಬಂದ ಎಮೋಜಿ ಇನ್ನೊಂದು ಸಲ ಬಂದ್ರೆ ಬಿಟ್ಟುಬಿಡೋ ಬಿಲ್ಲೆ.

ಮೂರನೇದು ಅಡುಗೆ ದಾಸಪ್ಪನ ಕಾರ್ಡು. ಮದುವೆಗೆ ಅಡುಗೆ ಮಾಡೋನು, ಮುಂದೆ ಸಾಲು ಸಾಲು ಮುಹೂರ್ತ. ಚೆಂದ ಕಾಣಲಿ ಅಂತ ತನ್ನ ಫೋನ್ ನಂಬರನ್ನ ಎಮೋಜೀಲಿ ಕಳಿಸಿದ್ದ. ನೀಲಿ ಚೌಕದೊಳಗೆ ಒಂದೊಂದು ಅಂಕಿ ಇರುತ್ತಲ್ಲ, ಅದು. ತಿಪ್ಪೇಶನ ಒರಳು ಏನು ಮಾಡ್ತು? ಒಂದು ಸಲ ಬಂದ ಎಂಟು ಇನ್ನೊಂದು ಸಲ ಬರಕೂಡದು. ಒಂದು ಸಲ ಬಂದ ನಾಲ್ಕು ಇನ್ನೊಂದು ಸಲ ಬರಕೂಡದು. ಹತ್ತಂಕಿ ನಂಬರು ಆರಂಕಿ ಆಯ್ತು.

ದಾಸಪ್ಪ ಐನೂರು ಕಾರ್ಡು ಹಂಚಿ ಫೋನ್ ಮುಂದೆ ಕೂತ. ಒಂದು ದಿನ ಕೂತ. ಒಂದು ವಾರ ಕೂತ. ಫೋನ್ ಮಾತೇ ಆಡಲಿಲ್ಲ. ಈ ಸಲ ಆಷಾಢ ಮುಂಚೇನೇ ಬಂತಾ ಅಂತ ಪಂಚಾಂಗ ತಗೊಂಡು ನೋಡಿದ. ಆಮೇಲೆ ಕಾರ್ಡು ನೋಡಿದ. ಆಮೇಲೆ ಸೌಟು ಹಿಡ್ಕೊಂಡು ಪ್ರೆಸ್ಸಿಗೆ ಬಂದ.

ಮಾಳಮ್ಮ ಅವನ ಕೈಕಾಲು ಹಿಡಿದು, ಹೊಸ ಕಾರ್ಡು ಮಾಡಿಕೊಟ್ಟು ಕಳಿಸಿದ್ಲು. ಮಗನ ಕಡೆ ತಿರುಗಿದ್ಲು. "ಲೋ! ಒಳಗೇನೈತೆ ಅಂತ ನೋಡದೆ ಕೈ ಹಾಕ್ತೀಯಲ್ಲೋ! ಮೊದಲು ಬಿಡಿಸು. ಒಂದೊಂದನ್ನೂ ಬಿಡಿಸಿ ಬಿಡಿಸಿ ನೋಡು!"

"ಹಂಗಂತ ಮೊದ್ಲೇ ಹೇಳ್ಬಾರ್ದಾ?"

ಇನ್ನು ಇಪ್ಪತ್ತು ದಿನಕ್ಕೆ ಆಷಾಢ. ಪಾಲಯ್ಯನ ಹೊಸ ಮನೆ ಗೃಹಪ್ರವೇಶ ಬಂತು. ಹೇಮಾವತಿ ಅಪ್ಪನ ಕಾಡಿ ಬೇಡಿ ಕಾರ್ಡಿನ ಕೆಲಸ ತಿಪ್ಪೇಶನಿಗೇ ಕೊಡಿಸಿದ್ಲು. ಪಾಲಯ್ಯ ಬರೆದದ್ದು ಇಷ್ಟೇ: ತಾವು, ಆಮೇಲೆ ಒಂದು ಕುಟುಂಬದ ಎಮೋಜಿ, ಬರಬೇಕು. ಸಕುಟುಂಬ ಬನ್ನಿ ಅಂತ.

ತಿಪ್ಪೇಶ ಬಿಡಿಸಿದ. ಬಿಡಿಸಿದ್ರೆ ಒಳಗೆ ನಾಲ್ವರು ಸಿಕ್ಕಿದ್ರು. ಅವನಿಗೇ ಆಶ್ಚರ್ಯ! ನೋಡೋಕೆ ಒಂದೇ ಚಿತ್ರ, ಒಳಗೆ ನಾಲ್ಕು ಚಿತ್ರ. ನಾಲ್ವರನ್ನೂ ಬರೆದ.

"ತಾವು ಗಂಡಸು, ಹೆಂಗಸು, ಹುಡುಗಿ, ಹುಡುಗ ಬರಬೇಕು."

ಚಳ್ಳಕೆರೆ ಜನ ಕಾರ್ಡಿಗೆ ಬಹಳ ಮರ್ಯಾದೆ ಕೊಡೋರು. ಎರಡೂ ಹೆಣ್ಣು ಹಡೆದೋರು, "ನಮಗೆ ಹುಡುಗ ಇಲ್ಲ, ನಮ್ಮನ್ನ ಕರೆದಿಲ್ಲ" ಅಂತ ಮುನಿಸಿಕೊಂಡು ಮನೇಲೇ ಕೂತ್ರು. ಹುಡುಗಿ, ಹುಡುಗ ಇಬ್ಬರೂ ಇದ್ದ ಮನೆಯೋರು ಅಜ್ಜೀನ ಬಿಟ್ಟು ಬಂದ್ರು, ಅವಳು ಐದನೆಯವಳಾಗ್ತಾಳೆ ಅಂತ. ಮಕ್ಕಳಿಲ್ಲದ ರಂಗಜ್ಜ, ಅವನ ಹೆಂಡತಿ ಇಬ್ಬರೂ ಪಕ್ಕದ ಮನೆಯಿಂದ ಒಬ್ಬ ಹುಡುಗಿ, ಒಬ್ಬ ಹುಡುಗನ್ನ ಎರವಲು ತಗೊಂಡು ಬಂದ್ರು. ಅರ್ಧ ಅಡುಗೆ ಹಂಗೇ ಉಳೀತು.

ಪಾಲಯ್ಯ ಕೂಗಾಡಲಿಲ್ಲ. ಮೆತ್ತಗೆ ಹೇಳಿದ. "ಮಾಳಕ್ಕ, ಆಗಲ್ಲ. ನನ್ನ ಮಗಳನ್ನ ನಾನೇ ಹಾಳುಬಾವಿಗೆ ತಳ್ಳಿದಂಗೆ ಆಗುತ್ತೆ."

ಮಾಳಮ್ಮ ಮನೆಗೆ ಬಂದು ಒಲೆ ಹಚ್ಚಲಿಲ್ಲ. ಅತ್ಲು. ಮಗನ ಮೇಲೆ ಸಿಟ್ಟು, ಅದಕ್ಕಿಂತ ಹೆಚ್ಚು ಅವನ ಮೇಲೆ ಸಂಕಟ. "ಒಂದಾಗಿ ಸೇರಿಸಿದ್ದನ್ನ ಬಿಡಿಸ್ತಾರೇನೋ ಪಾಪಿ? ಇನ್ನು ಮೇಲೆ ಬಿಡಿಸಬೇಡ! ಒಂದು ಸಲ ಸೇರಿಸಿದ್ದನ್ನ, ಏನೇ ಆಗಲಿ, ಯಾರೇ ಹೇಳಲಿ, ಬಿಡಿಸಬೇಡ!"

"ಹಂಗಂತ..." ಅಂದ ತಿಪ್ಪೇಶ. ಅಮ್ಮನ ಕಣ್ಣೀರು ನೋಡಿ ಉಳಿದದ್ದು ಹೇಳಲಿಲ್ಲ.

ಮಾರನೇ ದಿನ ಹೇಮಾವತಿ ಬಂದ್ಲು. ಅಪ್ಪ ಬೇಡ ಅಂದಿದ್ರೂ ಬಂದ್ಲು. "ನಂಗೆ ಒಂದೇ ಅನುಮಾನ ಕಣ್ರೀ. ಆ ನಾಲ್ವರು ಒಂದೇ ಚಿತ್ರ ಆಗಿದ್ದು ಹೆಂಗೆ? ಯಾವುದರಲ್ಲಿ ಅಂಟಿಸಿದ್ರು?"

ತಿಪ್ಪೇಶನ ಮುಖ ಅರಳ್ತು. ಇಷ್ಟು ದಿನ ಎಲ್ಲ ಬೈದಿದ್ರು, ಇದನ್ನ ಯಾರೂ ಕೇಳಿರಲಿಲ್ಲ. "ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಗುರುತು ಐತೆ. ಕಣ್ಣಿಗೆ ಕಾಣಲ್ಲ. ಅದಕ್ಕೆ ಅಗಲ ಇಲ್ಲ, ಬಣ್ಣ ಇಲ್ಲ. ಒಂದು ಗಂಟು ಅಂತ ಇಟ್ಕೊಳ್ಳಿ. ಅದು ಇದ್ರೆ ಕುಟುಂಬ. ಅದನ್ನ ತೆಗೆದ್ರೆ ಯಾರೋ ನಾಲ್ಕು ಜನ. ನಾನು ಅದನ್ನೇ ಬಿಚ್ಚಿಹಾಕಿದ್ದೆ."

"ನಾಲ್ವರಿಗೆ ಎಷ್ಟು ಗಂಟು?"

"ಮೂರು."

"ಮೂವರಿದ್ರೆ?"

"ಎರಡು."

ಹೇಮಾವತಿ ಸ್ಟೂಲ್ ಇನ್ನೂ ಹತ್ರ ಎಳ್ಕೊಂಡ್ಲು. ಆಮೇಲೆ, "ಬರ್ಕೊಳ್ಳಿ, ಒಂದೊಂದೇ ಹೇಳ್ತೀನಿ. ಮಾತಿನ ಪಕ್ಕ ಅಂದಕ್ಕೆ ಇಟ್ಟ ಎಮೋಜಿ ಇದ್ರೆ ತೆಗೀರಿ. ಮಾತಿನ ಬದಲಿಗೆ ಇಟ್ಟಿದ್ರೆ ಆ ಮಾತು ಬರೀರಿ. ಅಂಕಿ ಬಂದ್ರೆ ಅಂಕಿ ಇಡಿ, ಎಷ್ಟು ಸಲ ಬಂದ್ರೂ ಇಡಿ. ಕುಟುಂಬ ಬಂದ್ರೆ ಸಕುಟುಂಬ ಅನ್ನಿ. ಯಾವುದು ಏನು ಅಂತ ತಿಳೀದಿದ್ರೆ ನಿಲ್ಲಿಸಿ, ನನ್ನ ಕೇಳಿ" ಅಂದ್ಲು.

ಮಾಳಮ್ಮ ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡ್ಲು. ಇಷ್ಟು ವರ್ಷ ನಾನು ಒಂದೊಂದೇ ಬುದ್ಧಿ ಹೇಳಿದ್ದೆ, ಅದೂ ಕೆಟ್ಟ ಮೇಲೆ ಹೇಳಿದ್ದೆ. ಈ ಹುಡುಗಿ ಎಲ್ಲ ಸೇರಿಸಿ ಮೊದಲೇ ಹೇಳ್ತಿದ್ದಾಳಲ್ಲ ಅಂದುಕೊಂಡ್ಲು.

ಆಷಾಢಕ್ಕೆ ಎರಡು ದಿನ ಇತ್ತು. ಮಿಲ್ಲಿನ ಪೂಜೆ ಕಾರ್ಡಿಗೆ ಅಂತ ಪಾಲಯ್ಯ ಬರೆದಿಟ್ಟಿದ್ದ ಮೆಸೇಜನ್ನ ಹೇಮಾವತಿ ಅವನಿಗೆ ಹೇಳದೆ ಪ್ರೆಸ್ಸಿಗೆ ಕಳಿಸಿದ್ಲು. ಅದರಲ್ಲಿ ಇಪ್ಪತ್ತೆರಡು ಎಮೋಜಿ. ಸಂಜೆ ಕಾರ್ಡು ಅಪ್ಪನ ಕೈಗೆ ಕೊಟ್ಲು. ಪಾಲಯ್ಯ ಕನ್ನಡಕ ಹಾಕ್ಕೊಂಡು ಒಂದು ಸಲ ಓದಿದ. ಕನ್ನಡಕ ಒರೆಸ್ಕೊಂಡು ಇನ್ನೊಂದು ಸಲ ಓದಿದ. ಒಂದೂ ತಪ್ಪಿಲ್ಲ!

"ಇದು ನಿನ್ನ ಬುದ್ಧಿ, ಅವನದ್ದಲ್ಲ" ಅಂದ.

"ಯಾರ ಬುದ್ಧಿ ಅಂತ ನೀನು ಹೇಳಿರಲಿಲ್ಲಪ್ಪ. ಪ್ರೆಸ್ಸಿಂದ ಒಂದು ಕೆಲಸ ತಪ್ಪಿಲ್ಲದಂಗೆ ಬರಲಿ ಅಂದಿದ್ದೆ. ಬಂದೈತೆ. ಹೇಳಿದ್ದನ್ನ ಹೇಳಿದಂಗೆ ಮಾಡೋ ಗಂಡು ಎಲ್ಲಿ ಸಿಗ್ತಾನೆ? ಹೇಳೋದನ್ನ ನಾನು ಕಲ್ತ್ಕೊಂಡಿದ್ದೀನಿ."

ಪಾಲಯ್ಯ ಎದ್ದು ಪಂಚಾಂಗ ತೆಗೆದ.

ಶ್ರಾವಣದಲ್ಲಿ ಮದುವೆ ಆಯ್ತು. ಅಡುಗೆ ದಾಸಪ್ಪಂದೇ ಊಟ. ತಿಥಿ ಮನೆಯ ಮೂವರು ಸೊಸೇರೂ ಬಂದಿದ್ರು, ಮೂವರೂ ನಗ್ತಿದ್ರು. ಮಾಳಮ್ಮ ಮಾತ್ರ ಹಿಂದೆ ಕಂಬದ ಮರೇಲಿ ನಿಂತಿದ್ಲು. ಗಂಡ ಇಲ್ಲದೋಳು ಶುಭಕಾರ್ಯದಲ್ಲಿ ಮುಂದೆ ಬರಬಾರದು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಯಾರೂ ಬಾ ಅಂತಲೂ ಕರೆಯಲಿಲ್ಲ. ಅವಳೇ ಹೋಗಿ ನಿಂತಿದ್ಲು. ಮಗನ ತಲೆ ಮೇಲೆ ಅಕ್ಷತೆ ಬಿದ್ದದ್ದನ್ನ ಅಲ್ಲಿಂದಲೇ ನೋಡಿ ಕಣ್ಣೊರೆಸ್ಕೊಂಡ್ಲು.

ಶಾಸ್ತ್ರ ಎಲ್ಲ ಮುಗೀತು. ಗಂಡಿನ ಶಲ್ಯಕ್ಕೂ ಹೆಣ್ಣಿನ ಸೆರಗಿಗೂ ಗಂಟು ಹಾಕಿದ್ರಲ್ಲ, "ಇನ್ನು ಗಂಟು ಬಿಚ್ಚಿ ಊಟಕ್ಕೆ ಏಳ್ರಪ್ಪ" ಅಂದ್ರು ಐನೋರು.

"ಬಿಚ್ಚಲ್ಲ" ಅಂದ ತಿಪ್ಪೇಶ.

"ಯಾಕಪ್ಪ?"

"ಅಮ್ಮ ಹೇಳವಳೆ. ಒಂದು ಸಲ ಸೇರಿಸಿದ್ದನ್ನ, ಏನೇ ಆಗಲಿ, ಯಾರೇ ಹೇಳಲಿ, ಬಿಡಿಸಬಾರದು ಅಂತ. ಅದಲ್ಲದೆ ನೀವು ತಪ್ಪು ಮಾಡಿದ್ದೀರಿ ಐನೋರೆ. ನಮ್ಮನೇಲಿ ಮೂವರು. ಎರಡು ಗಂಟು ಬೇಕು. ಒಂದೇ ಹಾಕಿದ್ದೀರಿ!"

ಎದ್ದ. ಅವನ ಹಿಂದೆ ಸೆರಗು, ಸೆರಗಿನ ಹಿಂದೆ ಹೆಂಡತಿ. ಸೀದಾ ಕಂಬದ ಹತ್ರ ಹೋಗಿ ಅಮ್ಮನ ಸೆರಗಿನ ತುದಿ ಹಿಡಿದು ತನ್ನ ಶಲ್ಯದ ಇನ್ನೊಂದು ತುದಿಗೆ ಗಂಟು ಹಾಕೇಬಿಟ್ಟ!

"ಅಯ್ಯಯ್ಯೋ, ಅಪಶಕುನ!" ಅಂತ ಒಬ್ಬಳು ಮುದುಕಿ ಕೂಗಿದ್ಲು. ಮಾಳಮ್ಮ ಕಂಬಕ್ಕೆ ಒತ್ತಿಕೊಂಡ್ಲು. "ಬಿಚ್ಚೋ ಪೆದ್ದ ಮುಂಡೇದೆ! ಜನ ನೋಡ್ತಾವ್ರೆ! ನಾನು ಹೇಳಿದ್ದು ಫೋನಿನ ಚಿತ್ರಕ್ಕೆ ಕಣೋ ನಮ್ಮಪ್ಪ!"

"ಹಂಗಂತ ಮೊದ್ಲೇ ಹೇಳ್ಬಾರ್ದಾ? ಈಗ ಹಾಕಾಯ್ತು."

"ಹೇಮಾ, ನೀನಾದ್ರೂ ಹೇಳೇ ತಾಯಿ! ನೀನು ಹೇಳಿದ್ರೆ ಕೇಳ್ತಾನೆ!"

ಹೇಮಾವತಿ ಅತ್ತೆಯ ಗಂಟನ್ನ ಹಿಡಿದು ಎಳೆದು ನೋಡಿದ್ಲು. "ಇದು ಸಡಿಲ ಐತೆ ಕಣ್ರೀ. ಇನ್ನೊಂದು ಸುತ್ತು ಹಾಕಿ" ಅಂದ್ಲು.

ಅವನು ಹಾಕಿದ.

ಮೂವರೂ ಹಂಗೇ ಊಟಕ್ಕೆ ಕೂತ್ರು. ಹಂಗೇ ಎದ್ದು ಬೀದೀಲಿ ನಡೆದ್ರು. ಮಾಳಮ್ಮ ಕಲ್ಯಾಣ ಮಂಟಪದಿಂದ ಮನೆ ತನಕ ಮಗನಿಗೆ ಬೈದ್ಲು. ಬೈತಾ ಅತ್ಲು, ಅಳ್ತಾ ಬೈದ್ಲು. ಗಂಟು ಅವಳ ಮುಂದೇನೇ ಇತ್ತು, ಎರಡು ಕೈಯೂ ಖಾಲಿ ಇದ್ವು. ಕೈ ಮಾತ್ರ ಗಂಟಿನ ಹತ್ರ ಹೋಗಲಿಲ್ಲ.

ಮನೆ ಹೊಸ್ತಿಲಲ್ಲಿ ಅಕ್ಕಿ ತುಂಬಿದ ಸೇರು ಇಟ್ಟಿದ್ರು. "ಬಲಗಾಲಲ್ಲಿ ಸೇರು ಒದ್ದು ಒಳಗೆ ಬನ್ನಿ" ಅಂತ ಯಾರೋ ಅಂದ್ರು. ಮದುಮಗಳಿಗೆ ಹೇಳಿದ್ದು ಅದು. ಆದ್ರೆ ಬನ್ನಿ ಅಂದ್ರಲ್ಲ, ತಿಪ್ಪೇಶ ಬಿಡ್ತಾನಾ? "ಅಮ್ಮ, ಬಲಗಾಲು! ಒಂದು, ಎರಡು..." ಅಂದ. ಮೂವರೂ ಒಟ್ಟಿಗೆ ಒದ್ರು. ಸೇರು ಹಾರಿ ಅಡುಗೆಮನೆ ಬಾಗಿಲಿಗೆ ಬಡೀತು. ಅಕ್ಕಿ ದೇವರ ಗೂಡಿನ ತನಕ ಚೆಲ್ತು. ಮದುವೆಯಾಗಿ ಬಂದ ದಿನ ಒದ್ದಿದ್ದ ಮಾಳಮ್ಮ, ಆಮೇಲೆ ಸೇರು ಒದ್ದದ್ದು ಅವತ್ತೇ.

ಏನಂದ್ರಿ? ಆ ಗಂಟು ಯಾವಾಗ ಬಿಚ್ಚಿದ್ರು ಅಂತಲಾ? ಅದನ್ನೂ ಹೇಳಬೇಕಿತ್ತಾ? ಹಂಗಂತ ಮೊದ್ಲೇ ಹೇಳ್ಬಾರ್ದಾ!